ಪರೀಕ್ಷೆಯಲ್ಲಿ ಅಜ್ಜಿಯ ಜೊತೆ ಮಾತಾಡಿದ ಅಪರಾಧ

ಮಾನ್ಯ ಪರೀಕ್ಷಾ ನಿಯಂತ್ರಕರಿಗೆ,

ತಮ್ಮ ಕೊಠಡಿಯ ಬಾಗಿಲವರೆಗೂ ಬಂದು, ತಮ್ಮನ್ನು ಕಾಣದೆ ಹಿಂದಿರುಗಿದವಳ ನಮಸ್ಕಾರ. ನನ್ನ ಮಗಳು ದಾನೇಶ್ವರಿ ಪರೀಕ್ಷೆಯಲ್ಲಿ ನಕಲು ಮಾಡಿದಳೆಂದು ತಾವು ತೀರ್ಮಾನಿಸಿದ್ದೀರಿ. ಅವಳ ಉತ್ತರ ಪತ್ರಿಕೆಯನ್ನು ಯಾರೂ ಓದದಂತೆ ಕಟ್ಟಿಡಿಸಿದ್ದೀರಿ. ಎರಡು ವರ್ಷ ಅವಳು ತಮ್ಮ ಯಾವ ಪರೀಕ್ಷೆಗೂ ಕೂರಬಾರದೆಂದು ಆದೇಶ ಹೊರಡಿಸಿದ್ದೀರಿ. ಸ್ವಾಮಿ, ಅವಳು ನಕಲು ಮಾಡಿಲ್ಲ. ಇದನ್ನು ಅರ್ಜಿಯಲ್ಲಿ ಬರೆದುಕೊಟ್ಟೆ, ಕೌಂಟರಿನ ಮುಂದೆ ನಿಂತು ಬಾಯಲ್ಲಿ ಹೇಳಿದೆ, ಈಗ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ. ಹೇಳಿ ಹೇಳಿ ನನಗೇ ಸುಸ್ತಾಗಿದೆ.

ನಾವು ಗುಂಡ್ಲುಪೇಟೆ ತಾಲ್ಲೂಕಿನವರು, ಮದ್ದೂರು ಕಡೆಯ ಕಾಡಂಚಿನವರು. ನನ್ನ ಗಂಡ ರಂಗಸ್ವಾಮಿ ಅರಣ್ಯ ಇಲಾಖೆಯಲ್ಲಿ ವಾಚರ್. ನಾನು ಪಿಯುಸಿ ಪಾಸು ಮಾಡಿ ಮದುವೆಯಾಗಿ ಬಂದು ಚೆಂಡುಹೂವಿನ ಹೊಲಗಳಲ್ಲಿ ಕೂಲಿ ಮಾಡುವವಳು. ಊರಲ್ಲಿ ಏಳನೇ ತರಗತಿವರೆಗೆ ಶಾಲೆ ಇದೆ. ಎಂಟಕ್ಕೆ ಹೋಗಬೇಕೆಂದರೆ ಕಾಡು ಬಳಸಿ ನಡೆಯಬೇಕು. ದಾನೇಶ್ವರಿ ಎಂಟಕ್ಕೆ ಸೇರಿದ ವರ್ಷವೇ ಒಂಟಿ ಆನೆಯೊಂದು ಆ ದಾರಿಯನ್ನು ತನ್ನ ಹೆಸರಿಗೆ ಖಾತೆ ಮಾಡಿಸಿಕೊಂಡಿತು. ಮಕ್ಕಳು ಆ ಕಡೆ ಓಡಾಡಬಾರದೆಂದು ಜೀಪಿನ ಮೈಕಿನಲ್ಲಿ ಸಾರಿಕೊಂಡು ಬಂದವನು ನನ್ನ ಗಂಡನೇ. ಸಾರಿದವನ ಮಗಳನ್ನೇ ಆ ದಾರಿಯಲ್ಲಿ ಕಳಿಸುವುದು ಹೇಗೆ? ಹಾಸ್ಟೆಲ್ ಇರಲಿಲ್ಲವೇ ಎಂದು ತಮ್ಮ ಕಚೇರಿಯಲ್ಲಿ ಕೇಳಿದರು. ಇತ್ತು. ಒಂದು ವಾರ ಬಿಟ್ಟೂ ಬಂದೆವು. ಕೂಸು ಊಟ ಬಿಟ್ಟಳು, ನಾನೂ ಬಿಟ್ಟೆ, ಕರೆದುಕೊಂಡು ಬಂದೆ. ಇದರಲ್ಲಿ ತಮಗೆ ಒಪ್ಪುವಂಥ ಕಾರಣ ಏನೂ ಇಲ್ಲ, ಹುಡುಕಬೇಡಿ.

ಅಂದಿನಿಂದ ನಮ್ಮ ಜಗಲಿಯೇ ಹೈಸ್ಕೂಲು. ನನಗೆ ಬರುವಷ್ಟನ್ನು ನಾನು ಹೇಳಿಕೊಟ್ಟೆ. ಬಾರದ್ದನ್ನು ಅವಳು ನೀರಿನ ಟ್ಯಾಂಕಿನ ಹತ್ತಿರ, ಸಿಗ್ನಲ್ ಸಿಗುವ ಕಡೆ ಕೂತು ಫೋನಿನಲ್ಲಿ ಕೇಳಿ ಕಲಿತಳು. ಎಸ್ಸೆಸ್ಸೆಲ್ಸಿಯನ್ನು ಖಾಸಗಿಯಾಗಿ ಕಟ್ಟಿ ಪಾಸಾದಳು. ಪಿಯುಸಿಗೂ ಮನೆಯಲ್ಲೇ ಓದುತ್ತಿದ್ದಾಗ ತಮ್ಮ ಕಚೇರಿಯ ಪ್ರಕಟಣೆ ಬಂತು. ಕಾಲೇಜಿಗೆ ಸೇರುವ ಮೊದಲೇ, ಮನೆಯಲ್ಲಿ ಓದಿದವರೂ ಪದವಿಯ ಒಂದೊಂದು ವಿಷಯಕ್ಕೆ ಪರೀಕ್ಷೆ ಬರೆಯಬಹುದು, ಪಾಸಾದರೆ ಆ ವಿಷಯದ ಕ್ರೆಡಿಟ್ ಅವರ ಖಾತೆಗೆ ಜಮೆಯಾಗುತ್ತದೆ, ಮುಂದೆ ಕಾಲೇಜಿನಲ್ಲಿ ಅದನ್ನು ಮತ್ತೆ ಓದಬೇಕಾಗಿಲ್ಲ ಎಂದು ಅದರಲ್ಲಿತ್ತು. 'ಜ್ಞಾನಕ್ಕೆ ಗೋಡೆಗಳಿಲ್ಲ' ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ನಾವು ನಂಬಿದೆವು. ಹೊಸಬರು ನೋಡಿ, ದಪ್ಪ ಅಕ್ಷರವನ್ನು ನಂಬುತ್ತೇವೆ. ಅರ್ಥಶಾಸ್ತ್ರದ ಪರೀಕ್ಷೆಗೆ ಅರ್ಜಿ ಹಾಕಿದೆವು.

ಈಗ ನನ್ನ ಅತ್ತೆ ಚಿಕ್ಕನಿಂಗಮ್ಮನ ವಿಷಯ ಹೇಳಬೇಕು. ತಮ್ಮ ಕಡತದಲ್ಲಿ 'ಹೊರಗಿನ ವ್ಯಕ್ತಿ' ಎಂದು ಇರುವುದು ಅವರೇ. ನಮ್ಮ ಕಡೆ ಕತೆ ಹೇಳುವವರ ಎದುರು ಒಬ್ಬರು ಕೂತು ಮಾತು ಮಾತಿಗೂ 'ಹೂಂ' ಎನ್ನಬೇಕು. ಹೂಂ ಬಾರದೆ ಹೇಳುವವರು ಮುಂದಕ್ಕೆ ಹೋಗುವಂತಿಲ್ಲ. ದಾನೇಶ್ವರಿ ಒಬ್ಬಳೇ ಕೂತು ಮನಸ್ಸಿನಲ್ಲೇ ಓದಿಕೊಳ್ಳುವುದನ್ನು ನೋಡಿ ಅತ್ತೆಗೆ ತಡೆಯಲಿಲ್ಲ.

"ಅದೇನ್ ಓದ್ಕತಿದ್ದಯ್ಯೋ ನಂಗೂ ಏಳಮ್ಮಿ. ಊಂಗುಟ್ಟೋರಿಲ್ದೆ ಏಳಿದ್ರೆ ಕತೆ ದಾರಿ ತಪ್ಪೋಯ್ತದೆ ಕಣ."

ಅಂದಿನಿಂದ ಅತ್ತೆ ಹೂ ಕಟ್ಟುತ್ತಾ ಕೂರುವರು, ಮಗಳು ಪಾಠ ಹೇಳುವಳು. ಬೇಡಿಕೆ ಹೆಚ್ಚಿದರೆ ಬೆಲೆ ಏರುತ್ತದೆ ಅಜ್ಜಿ. ಹೂಂ. ಪೂರೈಕೆ ಹೆಚ್ಚಿದರೆ ಬೆಲೆ ಇಳಿಯುತ್ತದೆ. ಹೂಂ. ಅತ್ತೆಗೆ ಅರ್ಥಶಾಸ್ತ್ರ ಬರುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಅರ್ಧ ಪಾಠಕ್ಕೆ ಅವರಿಗೆ ಜೊಂಪು ಹತ್ತುತ್ತಿತ್ತು, ಜೊಂಪಿನಲ್ಲೂ ಹೂಂ ಎನ್ನುತ್ತಿದ್ದರು. ರಾಷ್ಟ್ರೀಯ ಆದಾಯದ ಅಧ್ಯಾಯಕ್ಕಂತೂ ಗೊರಕೆಯೇ. ಆದರೂ ಹುಡುಗಿಗೆ ಅದು ಅಭ್ಯಾಸವಾಗಿಬಿಟ್ಟಿತು. ಒಂದು ವಾಕ್ಯ ಹೇಳುವುದು, ತಲೆಯನ್ನು ಅಜ್ಜಿಯ ಕಡೆ ವಾಲಿಸಿ ಹೂಂಗೆ ಕಾಯುವುದು, ಆಮೇಲೆ ಮುಂದಿನ ವಾಕ್ಯ. ಐದು ವರ್ಷ ಅವಳು ಕಲಿತದ್ದೆಲ್ಲ ಹೀಗೆಯೇ.

ಪರೀಕ್ಷೆ ನಡೆದದ್ದು ಚಾಮರಾಜನಗರದ ಒಂದು ಕಾಲೇಜಿನಲ್ಲಿ. ದಾನೇಶ್ವರಿ ಪಾಠಕ್ಕೆಂದು ತರಗತಿಯ ಬೆಂಚಿನ ಮೇಲೆ ಕೂತು ವರ್ಷಗಳೇ ಆಗಿದ್ದವು. ಹಿಂದಿನ ಪರೀಕ್ಷೆಗಳಲ್ಲಿ ಅವಳ ತುಟಿಯನ್ನು ಯಾರೂ ಗಮನಿಸಿರಲಿಲ್ಲ. ಪ್ರಶ್ನೆಪತ್ರಿಕೆ ನೋಡಿದಳು, ಎಲ್ಲವೂ ಗೊತ್ತಿತ್ತು. ತುಟಿಯಲ್ಲೇ ಒಂದು ವಾಕ್ಯ ಹೇಳಿಕೊಂಡಳು, ತಲೆ ವಾಲಿಸಿ ಒಂದು ಗಳಿಗೆ ಸುಮ್ಮನಾದಳು, ಬರೆದಳು. ಮತ್ತೆ ತುಟಿ, ಮತ್ತೆ ತಲೆ, ಮತ್ತೆ ಬರಹ. ಕೊಠಡಿ ಮೇಲ್ವಿಚಾರಕರು ಇದನ್ನು ನೋಡಿ ಕಿವಿಯಲ್ಲಿ ಬ್ಲೂಟೂತ್ ಇದೆ ಎಂದುಕೊಂಡರು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆನೇನೋ. ಅವರು ಬಂದು ಕೇಳಿದರಂತೆ:

"ಯಾರ ಹತ್ರ ಮಾತಾಡ್ತಿದೀಯಾ?"

"ನಮ್ಮಜ್ಜಿ ಹತ್ರ ಸಾರ್."

"ಎಲ್ಲಿದಾರೆ ಅವ್ರು?"

"ಮನೇಲಿ ಸಾರ್."

ನೋಡಿ, ಸುಳ್ಳು ಹೇಳಲು ಬರುವ ಹುಡುಗಿಯಾಗಿದ್ದರೆ ಅಲ್ಲಿಗೇ ಬಚಾವಾಗುತ್ತಿದ್ದಳು. ಹೆಣ್ಣುಮಕ್ಕಳನ್ನು ಹೊರಗೆ ಕರೆದೊಯ್ದು ತಪಾಸಣೆ ಮಾಡುವ ಮೇಡಂ ಅವಳ ಕಿವಿ ನೋಡಿದರು, ಜಡೆ ಬಿಚ್ಚಿಸಿ ನೋಡಿದರು, ಓಲೆ ತೆಗೆಸಿ ನೋಡಿದರು. ಏನೂ ಸಿಗಲಿಲ್ಲ. ಸಿಗದಿದ್ದರೇನಂತೆ, ತಪ್ಪೊಪ್ಪಿಗೆ ಸಿಕ್ಕಿತಲ್ಲ! 'ಅಭ್ಯರ್ಥಿಯು ಪರೀಕ್ಷಾ ಕೇಂದ್ರದ ಹೊರಗಿನ ವ್ಯಕ್ತಿಯೊಂದಿಗೆ ಸಂಪರ್ಕದಲ್ಲಿ ಇದ್ದುದನ್ನು ಸ್ವತಃ ಒಪ್ಪಿಕೊಂಡಿರುತ್ತಾಳೆ' ಎಂದು ಷರಾ ಬಿತ್ತು. ಅದನ್ನು ಓದಿದಾಗ ನನಗೆ ನಗು ಬಂತು, ಕ್ಷಮಿಸಿ. ಮಗಳ ಮುಖ ನೋಡಿದ ಮೇಲೆ ನಗು ನಿಂತಿತು.

ಸರಿ, ಇದೊಂದು ತಪ್ಪು ತಿಳಿವಳಿಕೆ, ಹೇಳಿದರೆ ಮುಗಿಯಿತು ಎಂದುಕೊಂಡು ತಮ್ಮ ಕಚೇರಿಗೆ ಬಂದೆವು. ಆರೋಪಿಯೂ ಇರಲಿ ಎಂದು ಅತ್ತೆಯನ್ನೂ ಬಸ್ಸು ಹತ್ತಿಸಿಕೊಂಡು ಬಂದೆ. ವಿಷಯ ನಿರ್ವಾಹಕರು ಕಡತ ಬಿಚ್ಚಿ ಅತ್ತೆಯ ಮೊಬೈಲ್ ನಂಬರ್ ಕೇಳಿದರು.

"ನಂಗೇನ್ ನಂಬ್ರವಪ್ಪ? ರೇಸನ್ ಕಾರ್ಡಲ್ಲಿ ಇದ್ರೆ ಇರ್ಬೋದು, ನೋಡ್ಕೋ," ಎಂದರು ಅತ್ತೆ.

"ಮೊಬೈಲ್ ಇಲ್ದೆ ಹೇಗಜ್ಜಿ ಮಾತಾಡಿದ್ರಿ?"

"ನಾನೆಲ್ ಮಾತಾಡ್ದೆ ಕಣಪ್ಪ? ಊಂ ಅಂತಿದ್ದೆ ಅಷ್ಟೇಯ. ಅದ್ನೂ ಅವತ್ತು ಅನ್ನಿಲ್ಲ, ಕಳೆ ಕೀಳಕ್ಕೆ ಓಗಿದ್ದೆ."

ಕಚೇರಿಯಲ್ಲಿ ಎಲ್ಲರೂ ನಕ್ಕರು. ನಿರ್ವಾಹಕರೂ ಒಳ್ಳೆಯವರೇ, ಚಹಾ ತರಿಸಿದರು. ಆಮೇಲೆ ನಿಯಮ ಹೇಳಿದರು. ಮೇಲ್ಮನವಿಯ ಜೊತೆ ಅಭ್ಯರ್ಥಿ ಓದಿದ ಸಂಸ್ಥೆಯ ಮುಖ್ಯಸ್ಥರು ನೀಡಿದ ನಡತೆ ಪ್ರಮಾಣಪತ್ರ ಇರಬೇಕಂತೆ. ಓದಿದ್ದು ಮನೆಯಲ್ಲಿ, ಮುಖ್ಯಸ್ಥೆ ನಾನೇ, ಇಲ್ಲೇ ಬರೆದುಕೊಡುತ್ತೇನೆ ಎಂದೆ. ತಾಯಿ ಕೊಟ್ಟರೆ ನಡೆಯುವುದಿಲ್ಲ. ಹಾಗಾದರೆ ಯಾರು ಕೊಡಬೇಕು? ಶಾಲೆ ಕೊಡಬೇಕು. ಶಾಲೆಗೆ ಹೋಗದವರಿಗೆಂದೇ ಇಟ್ಟ ಪರೀಕ್ಷೆಯಲ್ಲವೇ ಇದು? ಹೌದು, ಆದರೆ ಮೇಲ್ಮನವಿ ಶಾಲೆಯ ಮೂಲಕವೇ ಬರಬೇಕು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು. ಜ್ಞಾನಕ್ಕೆ ಗೋಡೆಗಳಿಲ್ಲದಿರಬಹುದು ಮಾನ್ಯರೇ, ತಮ್ಮ ಕೊಠಡಿಗಂತೂ ಬಾಗಿಲೇ ಇಲ್ಲ. ತಮ್ಮನ್ನು ಕಾಣಬೇಕು ಎಂದಾಗ ಮೀಟಿಂಗ್ ಎಂದರು. ಇನ್ನೊಮ್ಮೆ ಬಂದಾಗಲೂ ಮೀಟಿಂಗೇ. ರಾತ್ರಿ ಮುಚ್ಚಿದ ಕಾಡಿನ ಗೇಟಾದರೂ ಬೆಳಗಾದರೆ ತೆರೆಯುತ್ತದೆ.

ನಕಲು ಮಾಡುವವರಿಲ್ಲವೇ? ಇದ್ದಾರೆ. ಅವರನ್ನು ಹಿಡಿಯಬೇಡವೇ? ಹಿಡಿಯಿರಿ, ನನ್ನ ತಕರಾರಿಲ್ಲ. ಆದರೆ ತುಟಿ ಅಲುಗಿದ್ದೇ ಸಾಕ್ಷಿಯಾದರೆ ದೇವರ ಮುಂದೆ ನಿಂತವರೆಲ್ಲ ಡಿಬಾರಾಗಬೇಕು. ಬರೆದ ಉತ್ತರ ಸರಿಯಿದೆಯೋ ತಪ್ಪಿದೆಯೋ ಎಂದು ಒಮ್ಮೆಯಾದರೂ ತೆರೆದು ನೋಡಬಾರದೇ? ಅದರಲ್ಲಿ ಇರುವುದನ್ನೇ ಅವಳ ಬಾಯಿಂದ ಮತ್ತೆ ಕೇಳಿದರೆ, ಹೇಳಿಕೊಟ್ಟು ಬರೆದದ್ದೋ ತಿಳಿದು ಬರೆದದ್ದೋ ಗೊತ್ತಾಗುವುದಿಲ್ಲವೇ? ಇಷ್ಟು ಸರಳವಾದದ್ದು ಇಷ್ಟು ದೊಡ್ಡ ಕಚೇರಿಗೆ ಏಕೆ ಹೊಳೆಯಲಿಲ್ಲ?

ಕ್ರೆಡಿಟ್ ಹೋದರೆ ಹೋಗಲಿ, ಪಿಯುಸಿ ಪಾಸಾಗಿದ್ದಾಳಲ್ಲ, ಕಾಲೇಜಿನಲ್ಲಿ ಇನ್ನೊಮ್ಮೆ ಓದುತ್ತಾಳೆ ಎಂದು ನನ್ನ ಗಂಡ ಸಮಾಧಾನ ಹೇಳುತ್ತಾರೆ. ಆದರೆ ನಕಲಿನ ಷರಾ ಇರುವವಳನ್ನು ಸೇರಿಸಿಕೊಳ್ಳಲು ಕಾಲೇಜಿನವರು ಹಿಂದೆ ಮುಂದೆ ನೋಡುತ್ತಿದ್ದಾರೆ. ಪ್ರವೇಶ ಮುಗಿಯಲು ಬಂದಿದೆ. ಅದಕ್ಕಿಂತ ನನ್ನನ್ನು ಸುಡುತ್ತಿರುವುದು ಬೇರೆ. ದಾನೇಶ್ವರಿ ಈಗ ಬಾಯಿ ಬಿಟ್ಟು ಓದುವುದಿಲ್ಲ. ಪುಸ್ತಕ ಹಿಡಿದರೆ ಕೆಳದುಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಾಳೆ. ಅತ್ತೆ ಹೂವಿನ ಮಂಕರಿ ಮುಂದಿಟ್ಟುಕೊಂಡು ಜಗಲಿಯಲ್ಲಿ ಕಾಯುತ್ತಾರೆ.

ಮೊನ್ನೆ ಅವರೇ ಕೇಳಿದರು: "ನಂದೇ ತಪ್ಪಾಯ್ತಾ ಕೂಸೇ? ನಾನ್ ಊಂ ಅನ್ಬಾರ್ದಿತ್ತಾ?"

ಅವಳು ಎದ್ದು ಒಳಗೆ ಹೋದಳು. ಇದಕ್ಕೆ ಉತ್ತರ ತಮಗೆ ತಿಳಿದಿದ್ದರೆ ಹೇಳಿ, ಅತ್ತೆಗೆ ತಿಳಿಸುತ್ತೇನೆ.

ಕನಿಕರ ತೋರಿಸಿ ಎಂದು ಕೇಳುತ್ತಿಲ್ಲ. ಅಂಕ ಹಾಕಿ ಎಂದೂ ಕೇಳುತ್ತಿಲ್ಲ. ಪ್ರವೇಶ ಮುಗಿಯುವ ಮೊದಲು ನನ್ನ ಮಗಳನ್ನು ತಮ್ಮ ಕೊಠಡಿಗೆ ಕರೆಯಿರಿ. ಜಡೆ ಬಿಚ್ಚಿಸಿಯೇ ಕಳಿಸುತ್ತೇನೆ, ಓಲೆಯನ್ನೂ ಮನೆಯಲ್ಲೇ ಇಡಿಸುತ್ತೇನೆ. ಅದೇ ಪ್ರಶ್ನೆಪತ್ರಿಕೆ ಹಿಡಿದು ಮೊದಲಿನಿಂದ ಕೊನೆಯವರೆಗೆ ತಾವೇ ಕೇಳಿ. ಅವಳು ಹೇಳುತ್ತಾಳೆ. ತಪ್ಪು ಹೇಳಿದರೆ ಎರಡು ವರ್ಷವನ್ನು ನಾಲ್ಕು ಮಾಡಿ, ನಾನು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಸರಿ ಹೇಳಿದರೆ ಷರಾ ಹೊಡೆದುಹಾಕಿ.

ಒಂದೇ ಒಂದು ಕೋರಿಕೆ. ಪ್ರತಿ ವಾಕ್ಯ ಮುಗಿಸಿ ಅವಳು ತಲೆ ವಾಲಿಸಿ ತಮ್ಮನ್ನು ನೋಡುತ್ತಾಳೆ. ಆಗ ದಯವಿಟ್ಟು ಹೂಂ ಅನ್ನಿ.

ಇಂತಿ,
ನಡತೆ ಪ್ರಮಾಣಪತ್ರ ಕೊಡುವ ಅಧಿಕಾರವಿಲ್ಲದ ಮುಖ್ಯೋಪಾಧ್ಯಾಯಿನಿ
ಮಂಗಳಗೌರಿ
ಜಗಲಿ ಹೈಸ್ಕೂಲು, ಗುಂಡ್ಲುಪೇಟೆ ತಾಲ್ಲೂಕು
(ಸದ್ಯಕ್ಕೆ ಪಾಠ ನಡೆಯುತ್ತಿಲ್ಲ)