ರಾಹೇಲಜ್ಜಿಯ ಸೋರೆಕಾಯಿ

ಅಕ್ಕಾ,
ಪಾಂಡವಪುರಕ್ಕೆ ಬಂದ ಮೇಲೆ ಕೆಮ್ಮು ಇಳಿದಿದೆ. ನಿನ್ನೆ ಮನೆ ಓನರು ದಾನಿಯೇಲಪ್ಪ ತಮ್ಮ ಬ್ಯಾಪ್ಟಿಸ್ಟ್ ಸಭೆಯ ಕೊಯ್ಲಿನ ಹಬ್ಬಕ್ಕೆ ಕರೆದೊಯ್ದರು. ಜನ ದೇವರಿಗೆಂದು ತಂದ ಬೆಳೆಯನ್ನು ಪ್ರಾರ್ಥನೆ ಮುಗಿದ ಮೇಲೆ ಅಲ್ಲೇ ಹರಾಜು ಹಾಕುತ್ತಾರೆ. ಆ ಸಭೆಯ ರಾಹೇಲಜ್ಜಿ ಎಂಬವರು ತಂದಿದ್ದ ಒಂದೇ ಸೋರೆಕಾಯಿಗೆ ಎಲ್ಲರೂ ಪೈಪೋಟಿಯಲ್ಲಿ ಬೆಲೆ ಏರಿಸುತ್ತಿದ್ದರು. ನಾನು ತಡೆಯಲಾರದೆ, "ಸಂತೇಲಿ ಈ ರೇಟಿನ ಕಾಲು ಭಾಗುಕ್ಕೇ ಸಿಕ್ತದೆ ಕಣ್ರಪ್ಪಾ!" ಎಂದು ಕೂಗಿಬಿಟ್ಟೆ.
ಹರಾಜು ಅಲ್ಲಿಗೇ ನಿಂತಿತು. ಅಜ್ಜಿಯ ಮುಖ ಚಿಕ್ಕದಾಯಿತು.
"ಬಡ ಮುದುಕಿ ಕಾಣಿಕೆ ದೊಡ್ಡದಾಗ್ಲಿ ಅಂತ ಕೂಗ್ತಿದ್ರು ಕಣಯ್ಯ," ಎಂದು ದಾನಿಯೇಲಪ್ಪ ಪಿಸುಗುಟ್ಟಿದರು.
ಊಟಕ್ಕೆ ಕೂತಾಗ ಅಜ್ಜಿಯೇ ಬಡಿಸಲು ಬಂದರು. "ಉಣ್ಲಾ ಮಗ, ಇದುಕ್ಕೆ ರೇಟು ಕೇಳಾಕಿಲ್ಲ ನಾವು."
ಪಂಕ್ತಿಯೆಲ್ಲ ನಕ್ಕಿತು. ನನಗೆ ಎಲೆಯಿಂದ ತಲೆ ಎತ್ತಲಾಗಲಿಲ್ಲ. ಭಾವನಿಗೆ ಮಾತ್ರ ಇದನ್ನು ಓದಿ ಹೇಳಬೇಡ.
ನಿನ್ನ ತಮ್ಮ,
ಹೊನ್ನಪ್ಪ