ತಡಕ್ಕೆ ಕಾರಣ

ಮಾರ್ಚ್ 3, ಬೆಳಿಗ್ಗೆ 11
ಮತ್ತೆ ವಿಡಿಯೊ ಮೀಟಿಂಗ್. ಹನ್ನೊಂದು ದೇಶ, ಹದಿನಾಲ್ಕು ಲ್ಯಾಬ್. ಎಲ್ಲರೂ ಜೀನೋಮ್ ಓದುವವರೇ, ಆದರೆ ಎತ್ತು ಏರಿಗೆ, ಕೋಣ ನೀರಿಗೆ. ಎಲ್ಲರಿಗೂ ಒಂದೇ ನಿಯಮ ಮಾಡುವ ಸಮಿತಿಗೆ ನಾನು ಅಧ್ಯಕ್ಷೆ! ಕೊನೆಗೆ ನನ್ನ ಮಾತೇ ನಿಂತಿತು: ರಕ್ತ ತೆಗೆದ ನಾಲ್ಕು ಗಂಟೆಯೊಳಗೆ ಫ್ರೀಜರ್ ಸೇರಬೇಕು. ತಡವಾದರೆ ಸ್ಯಾಂಪಲ್ ಔಟ್, ಹಳೆಯದಾದರೂ. ಮುಲಾಜಿಲ್ಲ.

ಮಾರ್ಚ್ 9
ತಮ್ಮನ ಮಗಳ ಫೋನ್. "ಅತ್ತೆ, ಅಪ್ಪನ ರಕ್ತದ ಸ್ಯಾಂಪಲ್ ನಿಮ್ಮ ಲಿಸ್ಟಲ್ಲಿ ಇದೆ ಅಲ್ವಾ? ಕ್ಲಾಸಲ್ಲಿ ಎಲ್ಲರಿಗೂ ಹೇಳ್ಬಿಟ್ಟಿದೀನಿ." ಇದೆ ಕಣೇ, ಅಂದೆ. ಹೆಸರಿಲ್ಲ, ನಂಬರ್ 417. ಲಕ್ಷಕ್ಕೊಬ್ಬರಿಗೆ ಬರುವ ಕಾಯಿಲೆ. ತಮ್ಮ ಹೋಗಿ ಎರಡು ವರ್ಷ. ಉಳಿದಿದ್ದು ಅದೊಂದೇ ಟ್ಯೂಬ್.

ಮಾರ್ಚ್ 16
417ರ ಡಿಎನ್‌ಎ ಚೂರುಚೂರು. ಉದ್ದದ ಎಳೆಯೇ ಇಲ್ಲ. ಫಾರ್ಮ್ ಪ್ರಕಾರ ಎರಡೇ ಗಂಟೆಯಲ್ಲಿ ಫ್ರೀಜರ್ ಸೇರಿದೆ, ಹಾಗಾದರೆ ಲ್ಯಾಬಿನವರದೇ ತಪ್ಪು ಅಂತ ಎಲ್ಲರ ತೀರ್ಮಾನ. ಕೆಲಸ ಮಾಡಿದ್ದು ನಮ್ಮ ಟೆಕ್ನಿಶಿಯನ್. ನಿಮಿಷ ತಪ್ಪದ ಮನುಷ್ಯ, ನಾವು ಕರೆಯುವುದೇ ಗಡಿಯಾರ ಅಂತ. "ಹತ್ತೊಂಬತ್ತು ವರ್ಷ ಆಯ್ತು ಮೇಡಂ, ನನ್ನ ಕೈಯಲ್ಲಿ ಒಂದೂ ಹಾಳಾಗಿಲ್ಲ."
ನಾನು... ನೋಡೋಣ ಬಿಡಿ, ಅಂದೆ. ಥೂ.

ಮಾರ್ಚ್ 17
ಊಟ ಸೇರಲಿಲ್ಲ.

ಮಾರ್ಚ್ 24
ಗಡಿಯಾರವನ್ನು ಲ್ಯಾಬಿನಿಂದ ತೆಗೆದು ಸ್ಟೋರಿಗೆ ಹಾಕಿದರು. ಕನ್ನಡಕ, ಪೆನ್ನು, ಟೀ ಲೋಟ ಒಂದು ರಟ್ಟಿನ ಡಬ್ಬಿಯಲ್ಲಿ. ಟೈಮರ್ ಮಾತ್ರ ನನ್ನ ಮೇಜಿನ ಮೇಲಿಟ್ಟರು. "ಅಲ್ಲಿ ಇದಕ್ಕೇನು ಕೆಲಸ ಮೇಡಂ."
ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ — ಆ ಗಾದೆ ಹುಟ್ಟಿದ್ದೇ ನನಗಾಗಿ. ಬರೆದುಬಿಡುತ್ತೇನೆ. ಆವತ್ತು ತಮ್ಮನ ರಕ್ತ ತೆಗೆದದ್ದು ಬೆಳಿಗ್ಗೆ ಹತ್ತಕ್ಕೆ. ನಾನೇ ತೆಗೆದೆ. ಫ್ರೀಜರಿಗೆ ಹಾಕಿದ್ದು ಸಂಜೆ ಏಳಕ್ಕೆ. ಒಂಬತ್ತು ಗಂಟೆ ಟ್ಯೂಬ್ ನನ್ನ ಹ್ಯಾಂಡ್‌ಬ್ಯಾಗಿನಲ್ಲಿ. ಈ ತಿಂಗಳು ಫಾರ್ಮ್ ತುಂಬುವಾಗ ತೆಗೆದ ಸಮಯ ಸಂಜೆ ಐದು ಅಂತ ಬರೆದೆ.

ಮಾರ್ಚ್ 25, ಬೆಳಿಗ್ಗೆ 9
ಡೈರೆಕ್ಟರಿಗೆ ಹೇಳಿದೆ. ಗಡಿಯಾರಕ್ಕೂ ಹೇಳಿದೆ. ಬೈಯಲಿ ಅಂತ ಕಾದೆ. "ನಿಮ್ಮ ತಮ್ಮನಾ ಮೇಡಂ?" ಅಂದರು, ಅಷ್ಟೇ. ಟೈಮರ್ ಎತ್ತಿಕೊಂಡು ಲ್ಯಾಬಿನ ಕಡೆ ಹೋದರು. ಆಗ ಅಳು ಬಂತು.
ತಮ್ಮನ ಮಗಳಿಗೆ ಇನ್ನೂ ಹೇಳಿಲ್ಲ. ಏನಂತ ಹೇಳಲಿ...

10.15
417ರ ಫಾರ್ಮ್ ತೆರೆದು ಸಮಯ ತಿದ್ದಿದೆ. ಕೆಂಪು ಗುರುತು ಬಂತು. ಔಟ್. ಕೆಳಗೆ 'ತಡಕ್ಕೆ ಕಾರಣ' ಅಂತ ಒಂದು ಕಾಲಂ. ತುಂಬದೆ ಮುಂದೆ ಹೋಗಲು ಬಿಡದು. ಹಟ ಹಿಡಿದು ನಾನೇ ಹಾಕಿಸಿದ್ದು. ವಾಹನ, ಕರೆಂಟ್, ಸಿಬ್ಬಂದಿ ಕೊರತೆ, ಇತರೆ. 'ಇತರೆ' ಒತ್ತಿದೆ. ವಿವರ ಕೊಡಿ ಅನ್ನುತ್ತಿದೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ —
ಟ್ಯೂಬ್ ಬ್ಯಾಗಿಗೆ ಹಾಕಿಕೊಂಡು ಹೊರಟಿದ್ದೆ. ಚಪ್ಪಲಿ ಕೂಡ ಮೆಟ್ಟಿದ್ದೆ. "ಅಕ್ಕ, ಇನ್ನೊಂಚೂರು ಹೊತ್ತು ಕೂತ್ಕೋ" ಅಂದ. ಕೂತೆ. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದೆ. ಮತ್ತೆ ಅಂದ. ಕೂತೆ. ಮತ್ತೆ