ಒಂದು ತೊಟ್ಟೂ ಸೋರದ ಚೀಲ

ಏಪ್ರಿಲ್ 27, ಬೆಳಗ್ಗೆ 5:40

ನಲವತ್ತು ಸ್ಕರ್ಟು ಕತ್ತರಿಸಿಟ್ಟಿದ್ದೇನೆ. ಎಂಬತ್ತು ಬಾಕಿ. ಶರ್ಟುಗಳ ಸುದ್ದಿ ಬೇಡ. ಜೂನ್ ಒಂದಕ್ಕೆ ಶಾಲೆ ಶುರು, ಹೆಡ್ ಮಿಸ್ ದಿನಕ್ಕೆರಡು ಸಲ ಫೋನು. ಇದರ ನಡುವೆ ತೋಟ ಬೇರೆ. ಹೊಲಿಯೋನಿಗೆ ಹೊಲ ಯಾಕೆ ಅಂತ ನಾನೇ ಕೇಳಿ ನಾನೇ ನಕ್ಕೆ. ಮನೆಯವಳು ನಗಲಿಲ್ಲ. ನಲವತ್ತಾರು ವರ್ಷದಿಂದ ನಕ್ಕಿಲ್ಲ, ದಾಖಲೆ.

ಎಲ್ಲ ತಮ್ಮನ ಕೆಲಸ. ಎರಡು ತಿಂಗಳಿಂದ ಆಸ್ಪತ್ರೆಯಲ್ಲಿ ಮಲಗಿದ್ದಾನೆ, ಶ್ವಾಸಕೋಶ ಕೈಕೊಟ್ಟಿದೆ. ಹಿತ್ತಲಲ್ಲಿ ವರ್ಷವೂ ಬೀನ್ಸ್ ಹಾಕಿ ಅದರದೇ ಬೀಜ ಎತ್ತಿಡುತ್ತಿದ್ದ. ಬಿಳಿ ಬೀಜ, ಬೆನ್ನ ಮೇಲೆ ಒಂದು ಕಪ್ಪು ಚುಕ್ಕೆ. ಮೂವತ್ತು ವರ್ಷದ ತಳಿ, ಅಂಗಡಿಯಲ್ಲಿ ಸಿಗಲ್ಲ. ಹೋದ ಎರಡು ವರ್ಷ ಕಾಯಿಲೆ, ಬಿತ್ತಿಲ್ಲ. ಈ ವರ್ಷವೂ ಬಿಟ್ಟರೆ ಬೀಜಕ್ಕೆ ಜೀವ ಇರಲ್ಲವಂತೆ. ನಿನ್ನೆ ಮಾತ್ರೆ ಡಬ್ಬಿಯೊಂದನ್ನು ನನ್ನ ಕೈಗಿಟ್ಟ. ಇಪ್ಪತ್ತನಾಲ್ಕು ಬೀಜ.

“ಅಣ್ಣ, ಉಳಿದಿರೋದು ಇಷ್ಟೇ. ಒಂದು ಗಿಡ ಬಂದ್ರೂ ಸಾಕು.”

ಮೊಳ ಹಾಕೋನ ಕೈಗೆ ಮೊಳಕೆ ಕೊಡ್ತೀಯಲ್ಲೋ ಅಂದೆ. ನಕ್ಕ. ಕೆಮ್ಮು ಹತ್ತಿತು. ನರ್ಸಮ್ಮ ನನ್ನನ್ನು ಹೊರಗೆ ಕಳಿಸಿದರು.

ಏಪ್ರಿಲ್ 30

ಕುಂಡ ಹೊತ್ತು ತಾರಸಿ ಹತ್ತೋಕೆ ಮಂಡಿ ಒಪ್ಪಲ್ಲ. ಹಳೇ ಟಾರ್ಪಾಲಿನಲ್ಲಿ ನಾಲ್ಕು ಚೀಲ ಹೊಲಿದೆ. ರೇನ್‌ಕೋಟಿಗೆ ಹಾಕುವ ಡಬಲ್ ಹೊಲಿಗೆ, ಅದರ ಮೇಲೆ ಮೇಣ ಉಜ್ಜಿದ್ದು. ಬಚ್ಚಲಲ್ಲಿ ನೀರು ತುಂಬಿಸಿಟ್ಟು ನೋಡಿದೆ — ಒಂದು ತೊಟ್ಟೂ ಸೋರಲಿಲ್ಲ. ಕೆಳಗಿನ ಮನೆಯವರ ಸೀಲಿಂಗು ಬಚಾವ್. ಇಷ್ಟು ಚೆಂದದ ಕೆಲಸ ಮಾಡಿ ಎಷ್ಟೋ ವರ್ಷ ಆಗಿತ್ತು.

ಮೇ 2, ಬೆಳಗ್ಗೆ

ಚೀಲಕ್ಕೆ ನಾಲ್ಕರಂತೆ ಹದಿನಾರು ಬೀಜ ಊರಿದೆ. ಎಂಟು ಡಬ್ಬಿಯಲ್ಲೇ ಉಳಿಸಿದೆ, ಮುನ್ನೆಚ್ಚರಿಕೆ. ಹಗಲು ತಾರಸಿ ಹತ್ತೋಕೆ ಪುರುಸೊತ್ತಿಲ್ಲ, ಅದಕ್ಕೇ ಬೆಳಗ್ಗೆಯೇ ಚೀಲಕ್ಕೊಂದು ಚೊಂಬು ನೀರು. ಇಡೀ ದಿನದ ರೇಷನ್. ಫೋನಲ್ಲಿ ತಮ್ಮ ಹೇಳಿದ್ದು ಒಂದೇ: ಕೆದಕಿ ನೋಡಬೇಡ, ಏಳೆಂಟು ದಿನಕ್ಕೆ ಬರುತ್ತೆ. ಹುರುಳಿಕಾಯಿ ಅಂದರೆ ‘ಕಾಯಿ’ ಅಂತಲೇ ಅಪ್ಪಣೆ ಇದೆಯಲ್ಲ, ಕಾಯ್ತೀನಿ ಅಂದೆ.

ಮೇ 10

ಏನೂ ಇಲ್ಲ. ಕರೀ ಮಣ್ಣು. ನೀರು ಸಾಲದೇನೋ. ಒಂದೊಂದು ಚೊಂಬು ಹೆಚ್ಚು ಹಾಕಿದೆ.

ಮೇ 14

ಇಲ್ಲ. ಹನ್ನೆರಡು ದಿನ. ಹುರುಳಿಕಾಯಲ್ಲಿ ಹುರುಳಿಲ್ಲ.

ಮಧ್ಯಾಹ್ನ ಶರ್ಟಿನ ಗುಂಡಿಗೆ ಕಾಜಾ ಹೊಲಿಯುತ್ತಾ ಕೂತಿದ್ದೆ. ತಟ್ಟನೆ ಹೊಳೆಯಿತು. ಸೂಜಿ ಬೆರಳಿಗೆ ಚುಚ್ಚಿತು. ಮೂವತ್ತು ವರ್ಷದ ಹಿಂದೆ, ಅವನು ಮೊದಲ ಸಲ ಹಿತ್ತಲು ಅಗೆದಾಗ, ಕೊತ್ತಂಬರಿ ಬೀಜ ಕೊಟ್ಟವನು ನಾನು. ಹದವಾಗಿ ಹುರಿದು ಕೊಟ್ಟಿದ್ದೆ. ಒಂದು ತಿಂಗಳು ನೀರು ಹಾಕಿದ, ಪಾಪ. ಕೊನೆಗೆ ಒಂದು ಕಾಳು ಬಾಯಿಗೆ ಹಾಕಿಕೊಂಡು ರುಚಿ ಗೊತ್ತಾಗಿ, ಒಂದು ವಾರ ಮಾತು ಬಿಟ್ಟಿದ್ದ.

ಭಲೇ ತಮ್ಮ. ಮೂವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆಯಾ.

ಮೇ 15, ಸಂಜೆ

ಎರಡು ಬಸ್ಸು ಹಿಡಿದು ಹೋಗಿ ಬಂದೆ. ಕಿಟಕಿ ಪಕ್ಕದ ಹಾಸಿಗೆ ಸಿಕ್ಕಿದೆ ಅವನಿಗೆ. ಹತ್ತು ದಿನದಲ್ಲಿ ಮನೆಗೆ ಕಳಿಸಬಹುದು ಅಂದರಂತೆ ಡಾಕ್ಟರು. ಸರಿ ಹಾಗಾದರೆ, ಕರುಣೆ ತೋರಿಸಬೇಕಿಲ್ಲ. ಕಿವಿಯ ಹತ್ತಿರ ಬಗ್ಗಿ, ಎಷ್ಟು ಹೊತ್ತು ಹುರಿದೆಯೋ ಅಂತ ಕೇಳಿದೆ. ಅರ್ಥವಾಗೋಕೆ ಸ್ವಲ್ಪ ಹೊತ್ತು ಬೇಕಾಯಿತು.

“ಇಲ್ಲ ಅಣ್ಣ. ನಿನ್ನಾಣೆ ಹುರಿದಿಲ್ಲ.”

ಆವತ್ತು ನಾನೂ ಇದೇ ಆಣೆ ಹಾಕಿದ್ದೆ, ಇದೇ ಮುಖ ಮಾಡಿಕೊಂಡು. ಹಾಗಂತಲೇ ಹೇಳಿದೆ. ತಮ್ಮನ ಹೆಂಡತಿ ಮುಸುಂಬಿ ಸುಲಿಯುತ್ತಾ, ಇಬ್ಬರೂ ಮುದುಕರಾದ್ರೂ ಬುದ್ಧಿ ಬಂದಿಲ್ಲ ಭಾವ ಅಂದಳು. ಅವನು ಮಾತ್ರ ಮತ್ತೆ ಮತ್ತೆ, ಮಣ್ಣು ಎಂಥದು, ನೀರು ಎಷ್ಟು ಹಾಕ್ತೀಯ ಅಂತ ಕೇಳುತ್ತಲೇ ಇದ್ದ. ಎಂಥಾ ನಟ. ನೀರಿಗೇನು, ಒಂದು ತೊಟ್ಟೂ ಪೋಲಾಗಲ್ಲ ನನ್ನ ಚೀಲದಲ್ಲಿ ಅಂದು ಎದ್ದು ಬಂದೆ. ಬಸ್ಸಿಗೆ ಹೊತ್ತಾಗಿತ್ತು. ಹಿಂದಿನಿಂದ ಏನೋ ಕೂಗಿದ, ಕೆಮ್ಮಲ್ಲಿ ಕೇಳಿಸಲಿಲ್ಲ.

ಮೇ 16

ಉಳಿದ ಎಂಟನ್ನು ಬಾಣಲೆಗೆ ಹಾಕಿದೆ. ಸಣ್ಣ ಉರಿ, ಬಣ್ಣ ಕೆಡದ ಹಾಗೆ. ಹುರಿದಿದ್ದನ್ನೇ ಹುರಿಯೋದು — ಹುರಿ ಮೇಲೆ ಹುರಿ, ನನ್ನ ಡಬಲ್ ಹೊಲಿಗೆ ಥರ. ಮನೆಯವಳು ನೋಡಿದಳು. “ಅದು ನಿಜಕ್ಕೂ ಒಳ್ಳೇ ಬೀಜ ಆಗಿದ್ರೆ?” ಅಂದಳು. ನಿನಗೆ ನನ್ನ ತಮ್ಮ ಗೊತ್ತಿಲ್ಲ ಅಂದೆ.

ಮೇ 17, ಭಾನುವಾರ

ಡಬ್ಬಿ ವಾಪಸ್ ಕೊಟ್ಟೆ. ಇನ್ನೂ ಎಂಟಿದೆ, ನೀನೇ ಬೆಳೆದು ತೋರಿಸು ಅಂದೆ. ಅವನ ಮುಖ ಅರಳಿದ್ದು ನೋಡಬೇಕಿತ್ತು. ಕೂತೇಬಿಟ್ಟ, ಹಾಸಿಗೆ ಮೇಲೆ. ಒಂದು ಪ್ಲಾಸ್ಟಿಕ್ ಕಪ್ಪು ತಾ, ಆಸ್ಪತ್ರೆ ತೋಟದಿಂದ ಒಂದು ಹಿಡಿ ಮಣ್ಣು ತಾ ಅಂತ ಹೆಂಡತಿಯನ್ನು ಓಡಿಸಿದ. ನಗು ತಡೆಯಲಾಗದೆ ಕಾರಿಡಾರಿಗೆ ಬಂದೆ, ಹಾಗೇ ಬಸ್ಸು ಹಿಡಿದೆ. ಮುಂದಿನ ಭಾನುವಾರ ಹೋಗಿ ಒಪ್ಪಿಕೊಳ್ಳೋದು. ಒಂದು ವಾರ ಕಾಯಲಿ. ಕಾಯಿ, ತಮ್ಮ, ಕಾಯಿ.

ಮೇ 24, ಭಾನುವಾರ

ಹೋಗೋಕೆ ಆಗಲಿಲ್ಲ. ಮುನ್ನೂರು ಗುಂಡಿ ಬಾಕಿ. ಹೆಡ್ ಮಿಸ್ ಸ್ವತಃ ಅಂಗಡಿಗೆ ಬಂದು ಕುರ್ಚಿ ಹಾಕಿಕೊಂಡು ಕೂತರು. ಗುರುವಾರ ಹೋಗ್ತೀನಿ.

ಮೇ 28

ಸ್ಕರ್ಟು ಮುಗಿಯಿತು. ಶರ್ಟಿನ ಕಾಲರು ಇಪ್ಪತ್ತು ಬಾಕಿ. ಭಾನುವಾರ ಖಂಡಿತ.

ಜೂನ್ 11

ತಮ್ಮ ಹೋದ. ಮೇ ಇಪ್ಪತ್ತೊಂಬತ್ತು, ಬೆಳಗ್ಗೆ. ನಾನು ಅಂಗಡಿಯಲ್ಲಿದ್ದೆ. ಕಾಲರು ತಿರುವುತ್ತಿದ್ದೆ.

ಯೂನಿಫಾರ್ಮ್ ಎಲ್ಲ ಹೊತ್ತಿಗೆ ಸರಿಯಾಗಿ ಹೋಯಿತು.

ಜೂನ್ 12, ಮಧ್ಯಾಹ್ನ

ತಮ್ಮನ ಹೆಂಡತಿ ಬಂದಿದ್ದಳು. ಕೈಯಲ್ಲಿ ಆ ಕಪ್ಪು. ಆಸ್ಪತ್ರೆಯ ಪ್ಲಾಸ್ಟಿಕ್ ಕಪ್ಪು, ಮಣ್ಣು ಇನ್ನೂ ಒದ್ದೆ. ಬಸ್ಸಲ್ಲಿ ಮಡಿಲಲ್ಲಿಟ್ಟುಕೊಂಡು ತಂದಳಂತೆ.

“ದಿನಾ ಎದ್ದ ತಕ್ಷಣ ಇದನ್ನೇ ನೋಡೋರು ಭಾವ. ಒಣಗೋಕೆ ಬಿಡ್ಬೇಡ, ಅಣ್ಣಂಗೆ ಕೊಡು ಅಂದ್ರು.”

ತಗೊಂಡೆ. ತಳದಿಂದ ಅಂಗೈಗೆ ಒಂದು ಹನಿ ಇಳಿಯಿತು. ಕಪ್ಪು ಸೋರುತ್ತಿದೆಯಲ್ಲ ಅಂದೆ. ಬೇಕೂಂತ ಮಾಡಿದ ತೂತು ಅದು ಅಂದಳು. ಸೂಜಿ ಕಾಯಿಸಿ ಐದು ತೂತು ಹಾಕಿಸಿದನಂತೆ ನರ್ಸಮ್ಮನ ಕೈಲಿ. ನೀರು ನಿಂತರೆ ಬೀಜ ಕೊಳೆಯುತ್ತೆ, ಅಣ್ಣ ಚೀಲಕ್ಕೆ ತೂತು ಹಾಕಿಲ್ಲ ಅಂತ ಕಾಣುತ್ತೆ, ಕೂಗಿ ಹೇಳಿದ್ರೂ ಕೇಳಿಸಲಿಲ್ಲ ಅವನಿಗೆ, ನೀನು ಹೇಳು — ಅಂದಿದ್ದನಂತೆ. “ನಾನೇ ಮರೆತುಬಿಟ್ಟೆ ಭಾವ.”

ಪರವಾಗಿಲ್ಲಮ್ಮ ಅಂದೆ. ಕಾಫಿ ಕುಡಿದು ಹೋದಳು.

ಸಂಜೆ

ಕತ್ತರಿ ತಗೊಂಡು ತಾರಸಿಗೆ ಹೋದೆ. ಬಟ್ಟೆ ಕತ್ತರಿ, ಬೇರೆ ಯಾವುದಕ್ಕೂ ಮುಟ್ಟಿಸಿದವನಲ್ಲ. ಡಬಲ್ ಹೊಲಿಗೆ ಬಿಡಲಿಲ್ಲ, ಬಟ್ಟೆಯನ್ನೇ ಸೀಳಬೇಕಾಯಿತು. ನೀರು ಹರಿಯಿತು. ಕೊಳೆತ ಮೊಟ್ಟೆ ವಾಸನೆ. ಕೆಸರಲ್ಲಿ ಬೆರಳಾಡಿಸಿದೆ. ಮೂರು ಸಿಪ್ಪೆ ಸಿಕ್ಕವು, ಚುಕ್ಕೆ ಸಮೇತ. ಒಂದಕ್ಕೆ ಬೇರು ಬಂದಿತ್ತು. ಉಗುರಷ್ಟು ಉದ್ದ. ಕಪ್ಪಾಗಿತ್ತು.

ಹುರಿದಿರಲಿಲ್ಲ.

ಎಷ್ಟು ಒಳ್ಳೇ ಹೊಲಿಗೆ.

ಜೂನ್ 13

ಮನೆಯವಳು ಚೀಲದ ಚೂರು ನೋಡಿದಳು. ಬಾಣಲೆಯ ಮಾತು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಜೂನ್ 16

ಕಪ್ಪು ಮೆಷಿನ್ ಪಕ್ಕದ ಕಿಟಕಿಯಲ್ಲಿದೆ. ದಿನಾ ಒಂದು ಚಮಚ ನೀರು. ಯಾಕೆ ಅಂತ ಗೊತ್ತಿಲ್ಲ. ಹುರಿದವನು ನಾನೇ, ನೀರು ಹಾಕೋನೂ ನಾನೇ. ಅವನಾದರೂ ನಂಬಿ ಹಾಕುತ್ತಿದ್ದ.

ತಮ್ಮನ ಹೆಂಡತಿ ದಿನಾ ಫೋನು ಮಾಡುತ್ತಾಳೆ. ಬೇರೆ ಮಾತೇ ಇಲ್ಲ. ಬಂತಾ ಭಾವ? ಇನ್ನೂ ಇಲ್ಲಮ್ಮ. ಅವರ ಬೀಜ ಸ್ವಲ್ಪ ನಿಧಾನ ಭಾವ.

ಜೂನ್ 18

ಅಂಗಡಿಯಿಂದ ಬೀನ್ಸ್ ಬೀಜ ತಂದೆ. ಬಿಳಿ, ಚುಕ್ಕೆಯಿಲ್ಲ. ಬಟ್ಟೆಗೆ ಗುರುತು ಹಾಕುವ ಪೆನ್ನಿನಲ್ಲಿ ಒಂದಕ್ಕೆ ಚುಕ್ಕೆ ಇಟ್ಟು ನೋಡಿದೆ. ಅಚ್ಚು ಹಾಗೇ. ಕಪ್ಪಿನ ಮಣ್ಣಲ್ಲಿ ಒಂದು ಬೆರಳು ಒಳಗೆ ಒತ್ತಿದರೆ ಮುಗಿಯಿತು. ವಾರದಲ್ಲಿ ಎಲೆ ಬರುತ್ತೆ. ಅವಳು ಅಳುತ್ತಾಳೆ, ನಗುತ್ತಾಳೆ. ಕಾಯಿ ಬಿಡುತ್ತೆ. ಅದರ ಬೀಜ ಬಿಡಿಸಿ ನೋಡುತ್ತಾಳೆ. ಚುಕ್ಕೆ ಎಲ್ಲಿ ಭಾವ ಅನ್ನುತ್ತಾಳೆ.

ಜನ್ಮದಲ್ಲಿ ಇಷ್ಟು ಸುಲಭದ ತಮಾಷೆ ಸಿಕ್ಕಿರಲಿಲ್ಲ. ಅರ್ಧ ಗಂಟೆ ಅಂಗೈಯಲ್ಲಿ ಹಿಡಿದು ಕೂತೆ. ಬೆವರಿಗೆ ಚುಕ್ಕೆ ಕದಡಿತು.

ಬೀದಿಗೆ ಎಸೆದೆ.

ಜೂನ್ 20, ಬೆಳಗ್ಗೆ 10

ಕಪ್ಪು ನೋಡೋಕೆ ಇವತ್ತು ಬರ್ತೀನಿ ಅಂದಿದ್ದಾಳೆ ತಮ್ಮನ ಹೆಂಡತಿ. ಬೇಡ ಅನ್ನಲಾಗಲಿಲ್ಲ. ಹೇಳಿಬಿಡೋದು. ಎಂಟೂ ಹುರಿದಿದ್ದು ನಾನು ಅಂತ. ಅವನು ಹದಿಮೂರು ದಿನ ಸತ್ತ ಬೀಜಕ್ಕೆ ನೀರು ಹಾಕಿದ ಅಂತ.

ನಗುತ್ತಾ ಹೇಳಿದರೆ ತಮಾಷೆ ಅಂದುಕೊಳ್ಳುತ್ತಾಳೆ. ನಗದೆ ಹೇಳಿದರೆ ಇನ್ನೂ ದೊಡ್ಡ ತಮಾಷೆ ಅಂದುಕೊಳ್ಳುತ್ತಾಳೆ. ಹಾಗೆ ಬೆಳೆಸಿಟ್ಟಿದ್ದೇನೆ, ಇಷ್ಟು ವರ್ಷದ ಫಸಲು.

ಮೆಟ್ಟಿಲಲ್ಲಿ ಚಪ್ಪಲಿ ಸದ್ದು. ಅವಳೇ. ಕಪ್ಪಿಗೆ ನೀರು ಹಾಕಿ ಆಗಿದೆ, ಕೆಳಗಿಟ್ಟ ಬಟ್ಟೆ ಒದ್ದೆ, ಐದು ಚುಕ್ಕೆ. ಮೊದಲ ಮಾತು ಯಾವುದು? ಕೂತ್ಕೋಮ್ಮ ಅನ್ನೋದು. ಆಮೇಲೆ, ನೋಡಮ್ಮ, ಆ ಬೀಜ —